ಗ್ರ್ಯಾಂಡ್ ಪಿಯಾನೋದ ಆಕ್ಷನ್ ನಾನೇ ಸರಿಮಾಡಿಕೊಂಡ ಬಗೆ

ನನ್ನ ಪಿಯಾನೋದ ಟ್ಯೂನಿಂಗ್ ಬಗ್ಗೆ ತಕರಾರಿರಲಿಲ್ಲ. ಜೋರಾಗಿ ನುಡಿಸಿದರೆ ಎಲ್ಲವೂ ಚೆನ್ನಾಗೇ ಕೇಳುತ್ತಿತ್ತು. ಮೆಲ್ಲಗೆ ನುಡಿಸಲು ಹೋದಾಗ ಮಾತ್ರ ಕಷ್ಟ. ಒಂದು ಸ್ವರ ಬರುತ್ತಿತ್ತು, ಪಕ್ಕದ್ದು ಬರುತ್ತಲೇ ಇರಲಿಲ್ಲ, ಅದರಾಚೆಯದು ಬೇಡದಷ್ಟು ಜೋರಾಗಿ ಬಂದುಬಿಡುತ್ತಿತ್ತು. ಒಂದೇ ಕೀಯನ್ನು ಬೇಗ ಬೇಗ ಒತ್ತಿದರೆ ನಡುವೆ ಒಂದು ಸ್ವರ ನುಂಗಿಹೋಗುತ್ತಿತ್ತು. ಎಷ್ಟು ಅಭ್ಯಾಸ ಮಾಡಿದರೂ ಇದು ಸರಿಹೋಗುವುದಿಲ್ಲ. ಯಾಕೆಂದರೆ ತೊಂದರೆ ಬೆರಳಿನಲ್ಲಿಲ್ಲ, ಕೀ ಮತ್ತು ತಂತಿಯ ನಡುವೆ ಇರುವ ಆಕ್ಷನ್‌ನಲ್ಲಿದೆ. ಅದರ ಅಳತೆಗಳನ್ನು ಮತ್ತೆ ಕೂಡಿಸುವ ಕೆಲಸಕ್ಕೆ ರೆಗ್ಯುಲೇಷನ್ ಅನ್ನುತ್ತಾರೆ.

ಈ ಕೆಲಸಕ್ಕೆ ಕೈಹಾಕುವ ಹಲವರು ಲೆಟ್-ಆಫ್ ಸ್ಕ್ರೂನಿಂದ ಶುರುಮಾಡುತ್ತಾರೆ. ಹ್ಯಾಮರ್, ಅಂದರೆ ತಂತಿಗೆ ಹೊಡೆಯುವ ಸುತ್ತಿಗೆ, ತಂತಿಗೆ ಎಷ್ಟು ಹತ್ತಿರ ಬಂದಾಗ ಕೈಬಿಡಬೇಕು ಅಂತ ಹೊಂದಿಸುವ ಸ್ಕ್ರೂ ಇದು. ಅದು ಕಣ್ಣಿಗೆ ಕಾಣುತ್ತದೆ, ತಿರುಗಿಸಿದ ಕೂಡಲೇ ವ್ಯತ್ಯಾಸವೂ ಗೊತ್ತಾಗುತ್ತದೆ. ನನ್ನ ಪ್ರಕಾರ ಅದು ಕೊನೆಯ ಅರ್ಧಕ್ಕೆ ಸೇರಿದ ಕೆಲಸ. ಕೆಳಗಿನ ಮರ, ಫೆಲ್ಟ್, ಪಿನ್ನು ಸರಿಯಿಲ್ಲದೆ ಮೇಲಿನ ಸ್ಕ್ರೂ ತಿರುಗಿಸಿದರೆ ಇವತ್ತು ಸರಿಹೋದದ್ದು ಮುಂದಿನ ವಾರಕ್ಕೆ ಇರುವುದಿಲ್ಲ.

ಮೊದಲು ಆಕ್ಷನ್ ಹೊರಗೆ ತೆಗೆಯಬೇಕು. ಕೀಗಳ ಮೇಲಿನ ಮುಚ್ಚಳ, ಮುಂದಿನ ಪಟ್ಟಿ, ಎರಡೂ ತುದಿಯ ಮರದ ದಿಮ್ಮಿಗಳನ್ನು ಬಿಚ್ಚಿದರೆ ಇಡೀ ಕೀಬೋರ್ಡು ಡ್ರಾಯರ್ ಥರ ಮುಂದಕ್ಕೆ ಜಾರುತ್ತದೆ. ಎಳೆಯುವಾಗ ಒಂದೇ ಒಂದು ಕೀಯನ್ನೂ ಒತ್ತಬಾರದು. ಒತ್ತಿದರೆ ಅದರ ಹ್ಯಾಮರ್ ಮೇಲೇಳುತ್ತದೆ, ಪಿಯಾನೋದ ಒಳಗಿನ ದಪ್ಪ ಮರಕ್ಕೆ ಸಿಕ್ಕಿ ಅದರ ಕಡ್ಡಿ ಪಟ್ಟನೆ ಮುರಿಯುತ್ತದೆ. ನಾನು ಫ್ರೇಮಿನ ಎರಡು ತುದಿ ಹಿಡಿದು, ಕೀಗಳಿಗೆ ಬೆರಳೂ ತಾಗದ ಹಾಗೆ ನಿಧಾನಕ್ಕೆ ಎಳೆಯುತ್ತೇನೆ. ಒಳಗೆ ತಳ್ಳುವಾಗಲೂ ಅಷ್ಟೇ ಎಚ್ಚರ ಬೇಕು.

ಹೊರಬಂದ ಮೇಲೆ ಧೂಳು ತೆಗೆದು, ಸ್ಕ್ರೂಗಳನ್ನು ಬಿಗಿ ಮಾಡಿದೆ. 88 ಹ್ಯಾಮರ್‌ಗೆ 88 ಫ್ಲ್ಯಾಂಜ್ (ಕೀಲಿನ ಮರದ ತುಂಡು) ಸ್ಕ್ರೂ, ಕೀಯ ಚಲನೆಯನ್ನು ಹ್ಯಾಮರ್‌ಗೆ ಮುಟ್ಟಿಸುವ ಕೆಳಗಿನ ವಿಪನ್‌ಗಳಿಗೆ ಇನ್ನೂ 88. ಗಾಳಿ ಒಣಗಿದಾಗ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ನುಡಿಸುವಾಗ ಕೇಳುವ ಟಿಕ್ ಟಿಕ್ ಸದ್ದು ಎಷ್ಟೋ ಸಲ ಇದರಿಂದಲೇ ಬರುವುದು. ಬಿಗಿ ಅಂದರೆ ಗಟ್ಟಿಯಾಗಿ ಕೂತರೆ ಸಾಕು, ಮರದ ಎಳೆ ಹರಿಯುವಷ್ಟು ಬೇಡ.

ಆಮೇಲೆ ಘರ್ಷಣೆ. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ, ಅದಕ್ಕೆ ಫಲವೂ ಸಿಕ್ಕಿತು. ಕೀಯ ಮುಂತುದಿಯನ್ನು ಸ್ವಲ್ಪ ಎತ್ತಿ ಬಿಟ್ಟರೆ ಅದು ತನ್ನ ಭಾರಕ್ಕೇ ಕೆಳಗಿಳಿಯಬೇಕು. ನಡುವೆ ನಿಂತರೆ ಕೀಯನ್ನು ಜಾಗದಲ್ಲಿ ಹಿಡಿದಿಡುವ ಪಿನ್ನಿನ ಸುತ್ತಲಿನ ಬಟ್ಟೆ ಉಬ್ಬಿದೆ ಅಂತ, ಇಲ್ಲವೇ ಪಿನ್ನು ಮಂಕಾಗಿದೆ ಅಂತ. ಪಿನ್ನನ್ನು ಹೊಳಪು ಬರುವ ತನಕ ಒರೆಸಿದೆ. ಬಟ್ಟೆ ಬಿಗಿಯಾಗಿದ್ದ ಕಡೆ ಅದಕ್ಕೆಂದೇ ಇರುವ ಇಕ್ಕಳದಿಂದ ಒಂದು ಚೂರು ಒತ್ತಿದೆ. ಜಾಸ್ತಿ ಒತ್ತಿದರೆ ಕೀ ಪಕ್ಕಕ್ಕೆ ಅಲುಗಾಡಿ ಕಟಕಟ ಅನ್ನುತ್ತದೆ. ಹಾಗಾಗಿ ಒತ್ತುವುದು, ಬಿಟ್ಟು ನೋಡುವುದು, ಬೇಕಿದ್ದರೆ ಇನ್ನೊಂದು ಸಲ ಒತ್ತುವುದು. ಹ್ಯಾಮರ್‌ಗಳ ಕೀಲಿನಲ್ಲೂ ಇದೇ ಪರೀಕ್ಷೆ. ಫ್ಲ್ಯಾಂಜ್ ಹಿಡಿದು ತೂಗಿಬಿಟ್ಟರೆ ಕಡ್ಡಿ ಕೆಲವು ಸಲ ಆಡಿ ನಿಲ್ಲಬೇಕು. ಕೂಡಲೇ ನಿಂತರೆ ಬಿಗಿ, ಆಡುತ್ತಲೇ ಇದ್ದರೆ ಸಡಿಲ. ಎರಡಕ್ಕೂ ಕೀಲಿನ ನಡುಪಿನ್ನು ಬದಲಿಸುವುದೇ ಸರಿಯಾದ ಮದ್ದು.

ಘರ್ಷಣೆಯನ್ನು ಲೆಕ್ಕದಲ್ಲೂ ಹಿಡಿಯಬಹುದು. ಆಕ್ಷನ್ ಪಿಯಾನೋದೊಳಗೆ ಇರುವಾಗ ಬಲ ಪೆಡಲ್ ಒತ್ತಿ, ತಂತಿಯ ಸದ್ದು ಅಡಗಿಸುವ ಡ್ಯಾಂಪರ್‌ಗಳನ್ನು ಎತ್ತಿಟ್ಟು, ಕೀಯ ಮುಂತುದಿಯಲ್ಲಿ ಸಣ್ಣ ತೂಕಗಳನ್ನು ಇಡಬೇಕು. ಕೀ ಮೆಲ್ಲಗೆ ಇಳಿಯಲು ಎಷ್ಟು ಗ್ರಾಂ ಬೇಕು, ಇಳಿದ ಕೀ ಎಷ್ಟು ಗ್ರಾಂ ಎತ್ತಿಕೊಂಡು ಮೇಲೇಳುತ್ತದೆ, ಇವೆರಡನ್ನೂ ಬರೆದುಕೊಳ್ಳಿ. ವ್ಯತ್ಯಾಸದ ಅರ್ಧವೇ ಘರ್ಷಣೆ. ಇಳಿಯಲು 52, ಏರಲು 26 ಇದ್ದರೆ ಘರ್ಷಣೆ 13 ಗ್ರಾಂ. ಅದು ಒಳ್ಳೆಯ ಅಂಕಿ. ಇಳಿಯಲು 60 ಬೇಕು, ಏರುವಾಗ ಬರೀ 18 ಅಂದರೆ ಘರ್ಷಣೆ 21. ಅಂಥ ಕೀಗೆ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ, ಮೊದಲು ಎಲ್ಲಿ ಉಜ್ಜುತ್ತಿದೆ ಅಂತ ಹುಡುಕಬೇಕು. "ಈ ಕೀ ಯಾಕೋ ಭಾರ" ಅನ್ನುವ ಅನಿಸಿಕೆ ಹೀಗೆ ಒಂದು ಅಂಕಿಯಾದಾಗ ನನಗೆ ನಿಜಕ್ಕೂ ಧೈರ್ಯ ಬಂತು.

ಹ್ಯಾಮರ್‌ಗಳ ಮೂತಿಯಲ್ಲಿ ತಂತಿಯ ಗೆರೆ ಆಳವಾಗಿ ಬಿದ್ದಿದ್ದರೆ ಈ ಹಂತದಲ್ಲೇ ಉಪ್ಪುಕಾಗದದಿಂದ ಉಜ್ಜಿ ಆಕಾರಕ್ಕೆ ತರಬೇಕು. ಆಮೇಲೆ ಉಜ್ಜಿದರೆ ತಂತಿಗೂ ಹ್ಯಾಮರ್‌ಗೂ ಇರುವ ದೂರ ಬದಲಾಗಿ, ಮಾಡಿದ ಅಳತೆಯೆಲ್ಲ ಮತ್ತೆ ಮಾಡಬೇಕಾಗುತ್ತದೆ. ಹ್ಯಾಮರ್ ನೆಟ್ಟಗೆ ಮೇಲೇರುತ್ತಿದೆಯಾ, ಆ ಸ್ವರದ ತಂತಿಗಳ ನಡುವಿಗೆ ಬರುತ್ತಿದೆಯಾ ಅಂತ ನೋಡುವುದೂ ಈಗಲೇ. ಓರೆಯಾಗಿ ಏರುವ ಹ್ಯಾಮರ್‌ನ ಫ್ಲ್ಯಾಂಜ್ ಅಡಿಗೆ ಒಂದು ಬದಿಯಲ್ಲಿ ತೆಳು ಕಾಗದದ ಚೂರು ಅಂಟಿಸಿದರೆ ನೇರವಾಗುತ್ತದೆ.

ಕೀ ಫ್ರೇಮು ತಳದ ಹಲಗೆಯ ಮೇಲೆ ಸರಿಯಾಗಿ ಕೂತಿದೆಯಾ ಅಂತ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಟೊಕ್ ಟೊಕ್ ಅಂದರೆ ಅಲ್ಲಿ ಸಂದು ಇದೆ. ನಡುಭಾಗದ ಬೋಲ್ಟುಗಳನ್ನು ಮೊದಲು ಮೇಲೆತ್ತಿ, ಫ್ರೇಮಿನ ಮುಂದಿನ ಅಡ್ಡಪಟ್ಟಿ, ಅಂದರೆ ಮುಂದಿನ ರೈಲು, ಪೂರ್ತಿ ಕೂತ ಮೇಲೆ, ಒಂದೊಂದನ್ನೇ ಹಲಗೆಗೆ ತಾಗುವಷ್ಟು ಮಾತ್ರ ಇಳಿಸಿದೆ. ಒಂದು ಕೂದಲೆಳೆ ಜಾಸ್ತಿ ಇಳಿದರೂ ಮುಂದಿನ ರೈಲು ಏಳುತ್ತದೆ, ಮತ್ತೆ ಟೊಕ್ ಟೊಕ್.

ಕೀಗಳ ಮಟ್ಟಕ್ಕೆ ಎರಡು ತುದಿಯ ಬಿಳಿ ಕೀಗಳನ್ನು ಗುರುತಾಗಿ ಇಟ್ಟುಕೊಂಡು, ನಡುವೆ ನೇರಪಟ್ಟಿ ಹಿಡಿದೆ. ತಗ್ಗಿದ ಕೀ ಕಂಡಲ್ಲಿ, ಕೀ ತೂಗುವ ಜಾಗದ ಬ್ಯಾಲೆನ್ಸ್ ಪಿನ್ನಿಗೆ, ಫೆಲ್ಟಿನ ಅಡಿಗೆ, ಕಾಗದದ ಬಿಲ್ಲೆ ಹಾಕಬೇಕು. ಅಲ್ಲಿ ಹಾಕಿದ ದಪ್ಪದ ಸುಮಾರು ಎರಡರಷ್ಟು ಕೀಯ ಮುಂತುದಿ ಏರುತ್ತದೆ ಅನ್ನುವುದು ನೆನಪಿರಲಿ. ಬಳಕೆ ಜಾಸ್ತಿಯಿರುವ ನಡುಭಾಗದ ಫೆಲ್ಟೇ ಮೊದಲು ತಗ್ಗುವುದರಿಂದ ನಾನು ನಡುವನ್ನು ಒಂದು ಚೂರು ಎತ್ತರ ಬಿಟ್ಟೆ.

ಇನ್ನು ಎಲ್ಲದರ ಜೀವಾಳ. ಕೀ ಇಳಿಯುವ ಆಳ ಸುಮಾರು 10 ಮಿ.ಮೀ. ಹ್ಯಾಮರ್ ಏರುವ ದೂರ ಸುಮಾರು 45 ಮಿ.ಮೀ. ಈ ಎರಡು ಅಂಕಿ ಒಂದಕ್ಕೊಂದು ಹೊಂದುತ್ತಿವೆಯಾ ಅಂತ ಹೇಳುವುದು ಆಫ್ಟರ್‌ಟಚ್. ಕೀಯನ್ನು ತೀರಾ ನಿಧಾನಕ್ಕೆ ಒತ್ತಿ ನೋಡಿ. ಒಂದು ಕಡೆ ಸಣ್ಣ ಅಡ್ಡಿ ಬೆರಳಿಗೆ ಸಿಗುತ್ತದೆ. ಅಲ್ಲಿ ಜ್ಯಾಕ್ ಅನ್ನುವ ಮರದ ಕೋಲು ಹ್ಯಾಮರ್‌ನ ಅಡಿಯಿಂದ ಜಾರಿಕೊಳ್ಳುತ್ತದೆ, ಅದೇ ಲೆಟ್-ಆಫ್. ಅದಾದ ಮೇಲೂ ಕೀ ಇನ್ನು ಒಂದಿಷ್ಟು, ಅರ್ಧದಿಂದ 1 ಮಿ.ಮೀ. ಇಳಿದು ತಳ ಸೇರಬೇಕು. ಆ ಉಳಿದ ಇಳಿತವೇ ಆಫ್ಟರ್‌ಟಚ್. ಅದು ಇಲ್ಲದಿದ್ದರೆ ಮೆಲ್ಲಗೆ ಒತ್ತಿದಾಗ ಜ್ಯಾಕ್ ಪೂರ್ತಿ ಜಾರುವುದಿಲ್ಲ, ಹ್ಯಾಮರ್ ತಂತಿಯ ಬಳಿ ತಡವರಿಸುತ್ತದೆ. ಜಾಸ್ತಿಯಾದರೆ ಕೀ ತಳವಿಲ್ಲದ್ದು ಅನ್ನಿಸುತ್ತದೆ.

ಕೀ ಮತ್ತು ಹ್ಯಾಮರ್ ಚಲನೆಯ ಅನುಪಾತ ಹೆಚ್ಚುಕಡಿಮೆ ಒಂದಕ್ಕೆ ಐದು. ಅಂದರೆ ಕೀಯ ಹಿಂಭಾಗದಲ್ಲಿ ವಿಪನ್ ಎತ್ತುವ ಕ್ಯಾಪ್‌ಸ್ಟನ್ ಸ್ಕ್ರೂ ತಿರುಗಿಸಿ ಹ್ಯಾಮರ್ ಸಾಲನ್ನು 1 ಮಿ.ಮೀ. ಎತ್ತಿದರೆ ಆಫ್ಟರ್‌ಟಚ್ ಬರೀ 0.2 ಮಿ.ಮೀ. ಹೆಚ್ಚುತ್ತದೆ. ಕೀಯ ಮುಂದೆ, ಫೆಲ್ಟಿನ ಅಡಿಯಿಂದ 0.2 ಮಿ.ಮೀ. ದಪ್ಪದ ಬಿಲ್ಲೆ ತೆಗೆದರೂ ಫಲ ಅಷ್ಟೇ. ಈ ಲೆಕ್ಕ ತಲೆಯಲ್ಲಿದ್ದರೆ ಎಲ್ಲಿ ಕೈ ಹಾಕಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಅದಕ್ಕೇ ನಾನು ಎಲ್ಲ ಕೀಗಳನ್ನು ಒಟ್ಟಿಗೆ ಹಿಡಿಯಲಿಲ್ಲ. ಮಂದ್ರ, ಮಧ್ಯ, ತಾರ ಭಾಗಗಳಲ್ಲಿ ಒಂದು ಬಿಳಿ, ಒಂದು ಕಪ್ಪು ಕೀಯನ್ನು ಮಾದರಿಯಾಗಿ ಆರಿಸಿ, ಅವುಗಳಲ್ಲಿ ಆಳ, ದೂರ, ಲೆಟ್-ಆಫ್, ಆಫ್ಟರ್‌ಟಚ್ ನಾಲ್ಕೂ ಕೂಡುವ ತನಕ ಹೊಂದಿಸಿದೆ. ಆ ಅಂಕಿಗಳನ್ನೇ ಉಳಿದವಕ್ಕೆ ಹಾಕಿದೆ. ಪುಸ್ತಕದ 10 ಮತ್ತು 45 ಒಳ್ಳೆಯ ಆರಂಭ, ಆದರೆ ಕೊನೆಯ ಮಾತು ಆ ಪಿಯಾನೋದ್ದೇ.

ಜ್ಯಾಕ್ ನಿಲ್ಲುವ ಜಾಗವನ್ನು ಇಷ್ಟರೊಳಗೆ ನೋಡಿರಬೇಕು. ಹ್ಯಾಮರ್ ಕಡ್ಡಿಯ ಅಡಿಯಲ್ಲಿ ಚರ್ಮ ಸುತ್ತಿದ ಉರುಟು ಭಾಗವಿದೆ, ಅದಕ್ಕೆ ನಕಲ್ ಅನ್ನುತ್ತಾರೆ. ಅದರೊಳಗಿನ ಮರದ ಹಿಂಬದಿಗೆ ಜ್ಯಾಕ್‌ನ ಹಿಂಬದಿ ಸಮವಾಗಿರಬೇಕು. ಮುಂದೆ ಬಂದರೆ ಬಲವಾಗಿ ಹೊಡೆದಾಗ ಜಾರಿಬಿಡುತ್ತದೆ, ಹಿಂದೆ ಹೋದರೆ ಸ್ಪರ್ಶ ಗಡುಸಾಗುತ್ತದೆ. ಎತ್ತರದಲ್ಲಿ ಜ್ಯಾಕ್‌ನ ತುದಿ, ಸ್ವರ ಮತ್ತೆ ಹೊಡೆಯಲು ಹ್ಯಾಮರ್ ಎತ್ತಿ ಹಿಡಿಯುವ ರೆಪಿಟಿಷನ್ ಲಿವರ್‌ಗಿಂತ ಒಂದು ಕಾಗದದಷ್ಟು ಕೆಳಗಿರಬೇಕು. ಇದನ್ನು ಕಣ್ಣಲ್ಲಿ ಅಳೆಯಲಾಗದು. ಕೀ ಮುಟ್ಟದೆ, ಜ್ಯಾಕ್‌ನ ಬಾಲವನ್ನು ಬೆರಳಲ್ಲಿ ಒತ್ತಿ ಅದನ್ನು ನಕಲ್ ಅಡಿಯಿಂದ ಸರಿಸಿ, ಹ್ಯಾಮರ್ ಮೇಲೆ ಕಣ್ಣಿಡಿ. ಹ್ಯಾಮರ್ ಕಂಡೂ ಕಾಣದ ಹಾಗೆ ಮಿಸುಕಿದರೆ ಸರಿಯಿದೆ. ಎದ್ದು ಕಾಣುವಷ್ಟು ಆಡಿದರೆ ಲಿವರ್ ಸ್ಕ್ರೂ ತಿರುಗಿಸಬೇಕು. ಬೆರಳು ಬಿಟ್ಟಾಗ ಜ್ಯಾಕ್ ಉಜ್ಜದೆ ತನ್ನ ಜಾಗಕ್ಕೆ ಮರಳಬೇಕು. ನನ್ನ ಪಿಯಾನೋದಲ್ಲಿ ಸ್ವರ ನುಂಗುತ್ತಿದ್ದ ಕೀಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದದ್ದು ಇಲ್ಲಿ. ಲಿವರ್ ತಗ್ಗಿ, ಜ್ಯಾಕ್ ನಕಲ್‌ಗೆ ಉಜ್ಜಿಕೊಂಡು ಹೊರಗೇ ಉಳಿಯುತ್ತಿತ್ತು.

ಲೆಟ್-ಆಫ್ ಹೊಂದಿಸಲು ತಂತಿ ಬೇಕು, ಮೇಜಿನ ಮೇಲೆ ತಂತಿ ಇರುವುದಿಲ್ಲ ಅಲ್ವಾ? ಮೊದಲೇ ಪ್ರತಿ ಭಾಗದಲ್ಲೂ ತಳದ ಹಲಗೆಯಿಂದ ತಂತಿಯ ಎತ್ತರ ಅಳೆದು ಬರೆದುಕೊಂಡು, ಅದೇ ಎತ್ತರಕ್ಕೆ ಹ್ಯಾಮರ್‌ಗಳ ಮೇಲೆ ಒಂದು ಪಟ್ಟಿ ಕಟ್ಟಿಕೊಂಡೆ. ಕೀಯನ್ನು ನಿಧಾನಕ್ಕೆ ಒತ್ತಿದಾಗ ಹ್ಯಾಮರ್ ಪಟ್ಟಿಗಿಂತ 1.5 ಮಿ.ಮೀ. ಕೆಳಗೆ ಕೈಬಿಡಬೇಕು. ಮಂದ್ರದ ದಪ್ಪ ತಂತಿಗಳು ಅಗಲವಾಗಿ ಕಂಪಿಸುವುದರಿಂದ ಅಲ್ಲಿ ಇನ್ನೊಂದು ಚೂರು ಜಾಸ್ತಿ ಬಿಟ್ಟೆ. ಕೈಬಿಟ್ಟ ಹ್ಯಾಮರ್ ಅಲ್ಲಿಂದ ಮತ್ತೆ 1.5 ಮಿ.ಮೀ. ಆಸುಪಾಸು ಇಳಿದು ನಿಲ್ಲಬೇಕು, ಅದನ್ನು ಡ್ರಾಪ್ ಸ್ಕ್ರೂ ನೋಡಿಕೊಳ್ಳುತ್ತದೆ. ಮೆಲ್ಲಗೆ ನುಡಿಸುವ ಶಕ್ತಿ ಪಿಯಾನೋಗೆ ಬರುವುದು ಈ ಮಿಲಿಮೀಟರುಗಳು ಸಾಲಿನುದ್ದಕ್ಕೂ ಒಂದೇ ಸಮ ಇದ್ದಾಗ. ಒಂದು ಹ್ಯಾಮರ್ 1 ಮಿ.ಮೀ.ಗೆ, ಪಕ್ಕದ್ದು 4ಕ್ಕೆ ಕೈಬಿಟ್ಟರೆ ಬೆರಳು ಎಷ್ಟೇ ಪಳಗಿದ್ದರೂ ಎರಡು ಸ್ವರ ಒಂದೇ ಮೆದುವಿನಲ್ಲಿ ಬರಲು ಸಾಧ್ಯವಿಲ್ಲ.

ಹೊಡೆದು ಹಿಂದಿರುಗುವ ಹ್ಯಾಮರ್‌ನ ಬಾಲವನ್ನು ಬ್ಯಾಕ್‌ಚೆಕ್ ಹಿಡಿಯಬೇಕು, ತಂತಿಯಿಂದ ಸುಮಾರು 15 ಮಿ.ಮೀ. ಕೆಳಗೆ. ಬ್ಯಾಕ್‌ಚೆಕ್ ಕೂತಿರುವ ಗಟ್ಟಿ ತಂತಿ ಬಗ್ಗಿಸಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದೆ. ಹ್ಯಾಮರ್ ಏರುವಾಗ ಬಾಲ ಬ್ಯಾಕ್‌ಚೆಕ್‌ಗೆ ಉಜ್ಜದ ಹಾಗೂ ನೋಡಿಕೊಳ್ಳಬೇಕು.

ಇಷ್ಟಾದ ಮೇಲೆ ರೆಪಿಟಿಷನ್ ಸ್ಪ್ರಿಂಗು. ಪಿಯಾನೋ ತಯಾರಕ ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಏರ್ಪಾಡಿನ ಗುಟ್ಟು ಇಲ್ಲಿದೆ: ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಅದೇ ಸ್ವರವನ್ನು ಮತ್ತೆ ಹೊಡೆಯಬಹುದು. ಹ್ಯಾಮರ್ ಬ್ಯಾಕ್‌ಚೆಕ್‌ಗೆ ಸಿಕ್ಕಿ ನಿಂತಿರುವಾಗ ಕೀಯನ್ನು ಕೂದಲೆಳೆಯಷ್ಟು ಬಿಡಿ. ಹ್ಯಾಮರ್ ತಡಮಾಡದೆ, ಆದರೆ ಜಿಗಿಯದೆ, ಒಂದೇ ನಡಿಗೆಯಲ್ಲಿ ಮೇಲೇಳಬೇಕು. ಸ್ಪ್ರಿಂಗು ಬಲವಾಗಿದ್ದರೆ ಬೆರಳಿಗೆ ಒದ್ದಂತಾಗುತ್ತದೆ. ಬಲ ಸಾಲದಿದ್ದರೆ ಹ್ಯಾಮರ್ ಸುಮ್ನೆ ಕೂತಿರುತ್ತದೆ, ಜ್ಯಾಕ್ ಹೊತ್ತಿಗೆ ಸರಿಯಾಗಿ ಒಳಗೆ ಬರುವುದಿಲ್ಲ. ಇದಕ್ಕೆ ಅಳತೆಗೋಲಿಲ್ಲ, ಕಣ್ಣು ಮತ್ತು ಬೆರಳೇ ಗತಿ. ಸ್ಪ್ರಿಂಗು ಮುಟ್ಟಿದ ಕೀಗಳಲ್ಲಿ ಡ್ರಾಪ್ ಮತ್ತೊಮ್ಮೆ ನೋಡಿದೆ.

ಡ್ಯಾಂಪರ್ ವಿಷಯ ಚಿಕ್ಕದು. ಹ್ಯಾಮರ್ ಅರ್ಧ ದಾರಿ ಏರಿದಾಗ ಡ್ಯಾಂಪರ್ ಏಳಲು ಶುರುವಾಗಬೇಕು, ಪೆಡಲ್ ಒತ್ತಿದಾಗ ಎಲ್ಲವೂ ಒಟ್ಟಿಗೆ ಏಳಬೇಕು. ಹಿಂದೆ ಮುಂದೆ ಇರುವುದನ್ನು ಅದರ ಪುಟ್ಟ ಸ್ಕ್ರೂ ಸಡಿಲಿಸಿ ಹೊಂದಿಸಿದೆ.

ಆಕ್ಷನ್ ಒಳಗೆ ತಳ್ಳಿ, ನಿಜವಾದ ತಂತಿಗಳ ಕೆಳಗೆ ಲೆಟ್-ಆಫ್ ಇನ್ನೊಂದು ಸಲ ನೋಡಿದೆ, ಎಡ ಪೆಡಲ್ ಒತ್ತಿ ಆಕ್ಷನ್ ಪಕ್ಕಕ್ಕೆ ಸರಿದಾಗಲೂ ನೋಡಿದೆ. ಆಮೇಲೆ ಒಂದೊಂದೇ ಸ್ವರವನ್ನು ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಕೆಳಗಿನಿಂದ ಮೇಲಿನ ತನಕ ನುಡಿಸಿದೆ. ಮುಂಚೆ ಮಾಯವಾಗುತ್ತಿದ್ದ ಸ್ವರಗಳು ಒಂದೂ ತಪ್ಪದೆ ಬಂದವು. ಆ ಖುಷಿ ದೊಡ್ಡದು.

ಕೋಣೆಯ ತೇವಾಂಶ 40ರಿಂದ 50 ಪ್ರತಿಶತದ ಆಸುಪಾಸು ನಿಂತ ಮೇಲೆ ಈ ಕೆಲಸಕ್ಕೆ ಕೂರುವುದು ಒಳ್ಳೆಯದು. ಮರ, ಫೆಲ್ಟ್ ಎರಡೂ ಗಾಳಿಗೆ ತಕ್ಕಂತೆ ಉಬ್ಬುತ್ತವೆ, ಕುಗ್ಗುತ್ತವೆ. ಹೊಸ ಫೆಲ್ಟ್ ಹಾಕಿದ್ದರೆ ಅದು ನುಡಿಸಿದಂತೆ ತಗ್ಗುತ್ತದೆ, ಕೀಯ ಆಳ ಹೆಚ್ಚುತ್ತದೆ. ಹಾಗಾಗಿ ಕೆಲವು ತಿಂಗಳ ನಂತರ ಆಕ್ಷನ್ ಮತ್ತೆ ಹೊರತೆಗೆದು, ಮೊದಲು ಫ್ಲ್ಯಾಂಜ್ ಸ್ಕ್ರೂಗಳು, ಆಮೇಲೆ ಮಾದರಿ ಕೀಗಳ ಆಫ್ಟರ್‌ಟಚ್, ಆಮೇಲೆ ಲೆಟ್-ಆಫ್ ಸಾಲು ನೋಡುತ್ತೇನೆ. ಮಾದರಿ ಕೀಗಳ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕೀ ಫ್ರೇಮಿನ ಬದಿಗೇ ಅಂಟಿಸಿಟ್ಟಿದ್ದೇನೆ.