ಕ್ರೋಶೆ ಚಪ್ಪಲಿ ಹಿಮ್ಮಡಿಯಿಂದ ಕಳಚದಂತೆ ಹೆಣೆದಿದ್ದು ಹೀಗೆ
ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಗಾರೆ ನೆಲ ಕಾಲಿಗೆ ಕೊರೆಯುತ್ತದೆ. ಅದಕ್ಕೇ ಮನೆಯ ದೊಡ್ಡವರಿಗೆ ಕ್ರೋಶೆಯಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ, ಅಕ್ರಿಲಿಕ್ ಉಲ್ಲನ್ ದಾರದ ಚಪ್ಪಲಿ ಹೆಣೆಯುತ್ತೇನೆ. ಆದರೆ ಸ್ವಲ್ಪ ದಿನ ಹಾಕಿದರೆ ಕಾಲು ತೂರಿಸುವ ಬಾಯಿ ಹಿಗ್ಗಿ, ಹಿಮ್ಮಡಿಯಿಂದ ಕಳಚಿ ಬರುತ್ತಿತ್ತು.

ಕಣಕಾಲಿಗೆ ದಾರ ಕಟ್ಟಿದರೆ ಬಿಚ್ಚಿಕೊಳ್ಳುತ್ತಿತ್ತು. ಬಿಸಿನೀರಲ್ಲಿ ಅದ್ದಿದರೂ ಅಕ್ರಿಲಿಕ್ ದಾರ ಉಣ್ಣೆಯ ಹಾಗೆ ಕುಗ್ಗುವುದಿಲ್ಲ. ಇಡೀ ಚಪ್ಪಲಿ ಚಿಕ್ಕದು ಮಾಡಿದರೆ ಬೆರಳು ಒತ್ತುತ್ತಿತ್ತು.

ಕೆಲಸಕ್ಕೆ ಬಂದಿದ್ದು ಬಿಗಿ ಹೆಣಿಗೆ ಮತ್ತು ಬಾಯಿಯ ಅಂಚು. ಎರಡು ಎಳೆ ಜೊತೆಗೆ ಹಿಡಿದು, 5 ಮಿ.ಮೀ. ಕಡ್ಡಿಯಲ್ಲಿ ಬರೀ ಸಿಂಗಲ್ ಕ್ರೋಶೆ (ಗಿಡ್ಡ, ಒತ್ತಾದ ಹೊಲಿಗೆ). ಬೆರಳ ತುದಿಯಲ್ಲಿ 8 ಹೊಲಿಗೆ, ಮುಂದಿನ ಸುತ್ತಿಗೆ 16, ಆಮೇಲೆ 24. ಹೊಲಿಗೆ ಹೆಚ್ಚಿಸುವುದನ್ನು ಅಷ್ಟಕ್ಕೇ ನಿಲ್ಲಿಸಿ. ಪಾದ 24 ಸೆಂ.ಮೀ. ಇದ್ದರೆ ಚಪ್ಪಲಿ 22 ಸಾಕು, ಎಳೆದುಕೊಳ್ಳುತ್ತದೆ.

ಹಿಮ್ಮಡಿಯ ಅಂಚು ಕೂಡಿಸಿದ ಮೇಲೆ 4.5 ಮಿ.ಮೀ. ಕಡ್ಡಿ ಹಿಡಿಯಿರಿ. ಬಾಯಿಯ ಸುತ್ತ ಒಂದು ಸುತ್ತು ಸಾದಾ, ಅಂದರೆ ಹೊಲಿಗೆ ಹೆಚ್ಚು ಕಡಿಮೆ ಮಾಡದೆ ಸಿಂಗಲ್ ಕ್ರೋಶೆ. ಎರಡನೇ ಸುತ್ತಿನಲ್ಲಿ 4 ಹೊಲಿಗೆ ಸಾದಾ, ಮುಂದಿನ 2 ಸೇರಿಸಿ ಒಂದು, ಹೀಗೇ ಪೂರ್ತಿ. ಮೂರನೇ ಸುತ್ತಿಗೆ ತೆಳು ದುಂಡು ಎಲಾಸ್ಟಿಕ್ ಅಂಚಿನ ಮೇಲಿಟ್ಟು, ಅದನ್ನು ಒಳಗೆ ಸೇರಿಸಿಕೊಂಡೇ ಹೆಣೆಯಿರಿ. ಕಾಲಿಗೆ ಹಾಕಿ ನೋಡಿಯೇ ಎಲಾಸ್ಟಿಕ್ ಗಂಟು ಹಾಕಬೇಕು. ಮೊದಲೇ ಗಂಟು ಹಾಕಿದರೆ ವಯಸ್ಸಾದವರ ಊದಿದ ಕಾಲಿಗೆ ಗುರುತು ಬೀಳುತ್ತದೆ.