ಹೆನ್ರಿ 14, ಎದೆ ಮೇಲೆ ಜೆವಿಸಿ

ಜೆರ್ಸಿ ಮೇಜಿನ ಮೇಲಿತ್ತು. ಕೆಂಪು ಮೈ, ಬಿಳಿ ತೋಳು. ಎದೆ ಮೇಲೆ ಸ್ಪಾನ್ಸರ್ ಕಂಪನಿ ಜೆವಿಸಿಯ ಹೆಸರು. ಬೆನ್ನ ಮೇಲೆ ಫ್ರಾನ್ಸಿನ ಆಟಗಾರ ಹೆನ್ರಿಯ ಹೆಸರು, 14. ವರ್ಷಗಟ್ಟಲೆ ಹುಡುಕಿ ತರಿಸಿಕೊಂಡ, ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಜೆರ್ಸಿ ಅದು. ಅಣ್ಣ ಬಂದು ಎತ್ತಿ ನೋಡಿದ. ಹಿಂದೆ ಮುಂದೆ ತಿರುಗಿಸಿದ. ಆಮೇಲೆ ಕೇಳಿದ:

"ಹೆನ್ರಿ ಬಂದಿದ್ದು ಯಾವಾಗ?"

"1999ರ ಆಗಸ್ಟ್‌ನಲ್ಲಿ. ಯುವೆಂಟಸ್‌ನಿಂದ."

"ಜೆವಿಸಿ ಹೋಗಿದ್ದು?"

ನನಗೆ ಮಾತೇ ಹೊರಡಲಿಲ್ಲ. ಆರ್ಸೆನಲ್ ಎದೆ ಮೇಲೆ ಜೆವಿಸಿ ಇದ್ದಿದ್ದು 1981ರಿಂದ 1999ರವರೆಗೆ. ಹೆನ್ರಿ ಬರೋ ಹೊತ್ತಿಗೆ ಅಲ್ಲಿ ಡ್ರೀಮ್‌ಕಾಸ್ಟ್ ಅಂತ ಒಂದು ವಿಡಿಯೊ ಗೇಮ್ ಯಂತ್ರದ ಹೆಸರು ಬರೆದಿತ್ತು. ಜೆರ್ಸಿಯ ವಿನ್ಯಾಸ ಮಾತ್ರ ಅದೇ. 1998ರಿಂದ 2000ದವರೆಗೆ ಎರಡು ಸೀಸನ್ ಒಂದೇ ವಿನ್ಯಾಸ, ಮೊದಲ ವರ್ಷ ಜೆವಿಸಿ, ಎರಡನೇ ವರ್ಷ ಡ್ರೀಮ್‌ಕಾಸ್ಟ್. ಜೆವಿಸಿ ಇದ್ದ ವರ್ಷ 14ನೇ ನಂಬರ್ ಹಾಕುತ್ತಿದ್ದವನು ಡಿಫೆಂಡರ್ ಮಾರ್ಟಿನ್ ಕಿಯೋನ್. ಅಂದರೆ ನನ್ನ ಮೇಜಿನ ಮೇಲಿದ್ದ ಜೆರ್ಸಿಯನ್ನು ಹೆನ್ರಿ ಒಂದು ದಿನವೂ ಮೈಗೆ ಹಾಕಿರಲು ಸಾಧ್ಯವೇ ಇಲ್ಲ.

ಮಾರಿದವನ ಮೇಲೆ ಕೋಪ ಬಂತು, ನಿಜ. ಆದರೆ ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ ವಿಷಯ. ಜೆವಿಸಿ ಜೆರ್ಸಿಯಲ್ಲಿ ಹೆನ್ರಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಓಡುತ್ತಾ ಗೋಲು ಹೊಡೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಚೆಂಡು ಮುಂದಕ್ಕೆ ಹೋಗೋದು, ಅವನು ಹಿಂದೆಯೇ ನುಗ್ಗೋದು, ಕಪ್ಪು ಬಿಳಿ ಪಟ್ಟೆಯ ಎದುರಾಳಿಗಳು ಹಿಂದೆ ಉಳಿಯೋದು. ಆ ನೆನಪಿಗಾಗಿಯೇ ಆ ಜೆರ್ಸಿ ಹುಡುಕಿದ್ದೆ. ಹಾಗಾದರೆ ನಾನು ನೋಡಿದ್ದು ಯಾರನ್ನು?

ಎರಡು ದಿನ ಹಳೇ ಪಂದ್ಯಗಳನ್ನು ನೋಡಿದ ಮೇಲೆ ಸಿಕ್ಕಿದ. 1998ರ ಮೇ 16, ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಫೈನಲ್, ಎದುರಾಳಿ ನ್ಯೂಕ್ಯಾಸಲ್. ಮೊದಲ ಗೋಲು ಮಾರ್ಕ್ ಓವರ್‌ಮಾರ್ಸ್‌ದು, ಎರಡನೆಯದು ನಿಕೊಲಸ್ ಅನೆಲ್ಕಾದು. ನನ್ನ ಮನಸ್ಸಿನಲ್ಲಿ ಓಡುತ್ತಿದ್ದವನು ಅನೆಲ್ಕಾ! ಅವನೂ ಫ್ರಾನ್ಸಿನವನು, ಅವನದೂ ಗಾಳಿಯ ವೇಗ, ಅವನನ್ನೂ ಬೆಳೆಸಿದ್ದು ಕೋಚ್ ಆರ್ಸೀನ್ ವೆಂಗರ್. 1999ರ ಒಂದೇ ಬೇಸಿಗೆಯಲ್ಲಿ ಅನೆಲ್ಕಾ ರಿಯಲ್ ಮ್ಯಾಡ್ರಿಡ್‌ಗೆ ಹೋದ, ಹೆನ್ರಿ ಬಂದ. ಮುಂದೆ ಹೆನ್ರಿ ಕ್ಲಬ್ಬಿಗಾಗಿ 228 ಗೋಲು ಹೊಡೆದು ಎಲ್ಲರನ್ನೂ ಮೀರಿಸಿದ. ಅವನ ಮೇಲಿನ ಪ್ರೀತಿ ಬೆಳೆಯುತ್ತಾ ಹೋದ ಹಾಗೆ ಅನೆಲ್ಕಾನ ಗೋಲನ್ನೂ ಅವನ ಲೆಕ್ಕಕ್ಕೇ ಬರೆದುಬಿಟ್ಟಿದ್ದೆ.

ಆವತ್ತೇ ನೋಟ್‌ಬುಕ್ ಶುರು ಮಾಡಿದೆ. ಪ್ರತಿ ಪುಟದಲ್ಲಿ ಎರಡು ಕಾಲಂ. ಎಡಗಡೆ ನೆನಪು, ಬಲಗಡೆ ದಾಖಲೆ. ಮೊದಲು ನನ್ನ ನೆನಪುಗಳನ್ನೇ ಬರೆದೆ, ಆಮೇಲೆ ಪರಿಚಯದ ಆರ್ಸೆನಲ್ ಅಭಿಮಾನಿಗಳ ಹತ್ತಿರ ಕೇಳತೊಡಗಿದೆ. ಕೇಳೋದಕ್ಕೂ ಒಂದು ಕ್ರಮ ಇದೆ ಅಂತ ನಿಧಾನಕ್ಕೆ ಗೊತ್ತಾಯಿತು. "ನಿಮ್ಮ ಫೇವರಿಟ್ ಆಟಗಾರ ಯಾರು?" ಅಂತ ಕೇಳಿದರೆ ಎಲ್ಲರೂ ಹೆನ್ರಿ, ಬರ್ಗ್‌ಕ್ಯಾಂಪ್ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ನೀವು ಮೊದಲು ನೋಡಿದ ಜೆರ್ಸಿ ಯಾವ ಬಣ್ಣದ್ದು?" ಅಂತ ಕೇಳಿ ನೋಡಿ. ತಕ್ಷಣ ಅವರ ಕಣ್ಣು ಎಲ್ಲೋ ಹೋಗುತ್ತದೆ. ಬಣ್ಣ, ಕಾಲರ್, ಎದೆ ಮೇಲಿನ ಅಕ್ಷರ, ಆಮೇಲೆ ಅದನ್ನು ಹಾಕಿದ್ದವನ ಕೂದಲು, ಅವನು ಕೈ ಎತ್ತಿದ ರೀತಿ, ಎಲ್ಲ ಒಂದರ ಹಿಂದೆ ಒಂದು ಬರುತ್ತದೆ.

ಇನ್ನೊಂದು, ಮಾತಿನ ಮಧ್ಯೆ ತಿದ್ದಬಾರದು. ಮೊದಮೊದಲು ನಾನು "ಇಲ್ಲ, ಅದು 1997 ಅಲ್ಲ, 98" ಅಂತ ಬಾಯಿ ಹಾಕುತ್ತಿದ್ದೆ. ಅಷ್ಟಕ್ಕೇ ಅವರು ಸುಮ್ಮನಾಗಿಬಿಡುತ್ತಿದ್ದರು. ಈಗ ಅವರು ಹೇಳಿದ್ದನ್ನು ಹಾಗೇ ಎಡಗಡೆ ಬರೆದುಕೊಳ್ಳುತ್ತೇನೆ. ಬಲಗಡೆಯದು ಮನೆಗೆ ಬಂದ ಮೇಲಿನ ಕೆಲಸ.

ಬಲಗಡೆ ತುಂಬಿಸೋಕೆ ನನಗೆ ಜೆರ್ಸಿಯಷ್ಟು ಸಹಾಯ ಮಾಡಿದ್ದು ಬೇರೇನೂ ಇಲ್ಲ. ಫೋಟೊದಲ್ಲಿ ತಾರೀಖು ಇರೋದಿಲ್ಲ, ಆದರೆ ಜೆರ್ಸಿ ಹೇಳುತ್ತದೆ. ಮೊದಲು ನೋಡೋದು ತಯಾರಕರನ್ನು. 1986ರಿಂದ 94ರವರೆಗೆ ಅಡಿಡಾಸ್, ಅಲ್ಲಿಂದ 2014ರವರೆಗೆ ನೈಕಿ, ಆಮೇಲೆ ಪ್ಯೂಮಾ, 2019ರಿಂದ ಮತ್ತೆ ಅಡಿಡಾಸ್. ಎರಡನೆಯದು ಸ್ಪಾನ್ಸರ್. ಜೆವಿಸಿ ಆದ ಮೇಲೆ ಮೂರು ಸೀಸನ್ ಹೋಮ್ ಜೆರ್ಸಿ (ತವರಿನಲ್ಲಿ ಹಾಕೋದು) ಮೇಲೆ ಡ್ರೀಮ್‌ಕಾಸ್ಟ್, ಅವೇ ಜೆರ್ಸಿ (ಹೊರಗೆ ಆಡುವಾಗಿನದು) ಮೇಲೆ ಸೆಗಾ. ಎರಡೂ ಒಂದೇ ಕಂಪನಿಯ ಹೆಸರುಗಳು. 2002ರಿಂದ 2006ರವರೆಗೆ ಓ2, ಆಮೇಲೆ ಎಮಿರೇಟ್ಸ್. ಮೂರನೆಯದು ಲಾಂಛನ. ಇದನ್ನು ತುಂಬ ಜನ ಗಮನಿಸೋದೇ ಇಲ್ಲ. 2002ರಲ್ಲಿ ಕ್ಲಬ್ ತನ್ನ ಹಳೇ ಲಾಂಛನ ಬಿಟ್ಟು ಹೊಸದು ಮಾಡಿಕೊಂಡಿತು. ಹಳೆಯದರಲ್ಲಿ ಫಿರಂಗಿಯ ಬಾಯಿ ಎಡಕ್ಕಿದೆ, ಹೊಸದರಲ್ಲಿ ಬಲಕ್ಕೆ. ಬಲಕ್ಕೆ ತಿರುಗಿದ ಫಿರಂಗಿ, ಎದೆ ಮೇಲೆ ಡ್ರೀಮ್‌ಕಾಸ್ಟ್, ಎರಡೂ ಒಂದೇ ಜೆರ್ಸಿಯಲ್ಲಿ ಕಂಡರೆ ಅದು ನಕಲಿ. ಇನ್ನೇನೂ ನೋಡೋದು ಬೇಡ.

ಬೆನ್ನ ಮೇಲಿನ ಹೆಸರೂ ಮಾತಾಡುತ್ತದೆ. ಲೀಗ್ ಪಂದ್ಯಗಳಲ್ಲಿ ಹೆಸರು ಮತ್ತು ಇಡೀ ಸೀಸನ್‌ಗೆ ಒಂದೇ ನಂಬರ್ ಬಂದಿದ್ದು 1993-94ರಿಂದ. ಅದಕ್ಕೂ ಮೊದಲು ಆಟ ಶುರು ಮಾಡುವ ಹನ್ನೊಂದು ಜನಕ್ಕೆ 1ರಿಂದ 11, ಅಷ್ಟೇ. ಡೇವಿಡ್ ರೋಕ್ಯಾಸಲ್ ಎಂಥ ಆಟಗಾರ! ಚೆಂಡು ಅವನ ಕಾಲಿಗೆ ಬಂದರೆ ಜನ ಸೀಟಿನಿಂದ ಏಳುತ್ತಿದ್ದರು. 2001ರಲ್ಲಿ, ಬರೀ 33ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ಹೆಸರಿರುವ 1991-92ರ ಹಳದಿ ಅವೇ ಜೆರ್ಸಿ ಮಾರಾಟಕ್ಕೆ ಆಗಾಗ ಬರುತ್ತದೆ. ಅವನು 1992ರಲ್ಲೇ ಲೀಡ್ಸ್ ಕ್ಲಬ್ಬಿಗೆ ಹೋದ. ಹಾಗಾಗಿ ಆ ಹೆಸರು ಯಾರೋ ಆಮೇಲೆ ಪ್ರೀತಿಯಿಂದ ಹಾಕಿಸಿದ್ದು. ಹಾಗೆ ಹಾಕಿಸಿದ್ದು ತಪ್ಪು ಅಂತ ನಾನು ಅನ್ನೋದಿಲ್ಲ. ಅವನು ಆಡುವಾಗ ಹಾಕಿದ್ದು ಅಂತ ಹೇಳಿ ಮಾರುವುದು ತಪ್ಪು.

ಆ ಹಳದಿ ಜೆರ್ಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳದಿ ಮೈ ಮೇಲೆಲ್ಲ ಕಪ್ಪು ಅಂಕುಡೊಂಕು ಗೆರೆ. ಅಭಿಮಾನಿಗಳು ಅದಕ್ಕೆ ಇಟ್ಟ ಹೆಸರು ಪೆಟ್ಟು ಬಿದ್ದ ಬಾಳೆಹಣ್ಣು. ನೋಡಿದರೆ ಹಾಗೇ ಇದೆ. 25 ವರ್ಷ ಆದ ಮೇಲೆ ಅಡಿಡಾಸ್ ವಾಪಸ್ ಬಂದಾಗ ಮೊದಲ ಅವೇ ಜೆರ್ಸಿಯನ್ನು ಅದರ ನೆನಪಿನಲ್ಲೇ ಮಾಡಿತು. ಹೊಸದು ಅಚ್ಚುಕಟ್ಟಾಗಿದೆ. ನನಗೆ ಹಳೆಯದೇ ಇಷ್ಟ. ಅದರ ಗೆರೆಗಳಲ್ಲಿ ಒಂದು ಒರಟುತನ ಇದೆ, ಹೊಸದರಲ್ಲಿ ಅದನ್ನು ನಯ ಮಾಡಿಬಿಟ್ಟಿದ್ದಾರೆ.

ಆರ್ಸೆನಲ್‌ಗೂ ಹಳದಿಗೂ ಅದಕ್ಕಿಂತ ಹಳೇ ನಂಟಿದೆ. 1971ರ ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಚಾರ್ಲಿ ಜಾರ್ಜ್ ಗೆಲುವಿನ ಗೋಲು ಹೊಡೆದು ಹುಲ್ಲಿನ ಮೇಲೆ ಅಂಗಾತ ಮಲಗಿದ್ದು ಹಳದಿ ಜೆರ್ಸಿಯಲ್ಲಿ. 1989ರ ಮೇ 26ರಂದು ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ, ಎರಡು ಗೋಲಿನ ಅಂತರದಿಂದ ಗೆದ್ದರೆ ಮಾತ್ರ ಲೀಗ್ ಅನ್ನೋ ಸ್ಥಿತಿಯಲ್ಲಿ, ಕೊನೇ ಗಳಿಗೆಯಲ್ಲಿ ಮೈಕಲ್ ಥಾಮಸ್ ಎರಡನೇ ಗೋಲು ಹೊಡೆದಾಗಲೂ ಹಳದಿ. 2006ರಲ್ಲಿ ಪ್ಯಾರಿಸ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ಗೂ ಹಳದಿಯಲ್ಲೇ ಹೋದರು, ಬಾರ್ಸಿಲೋನಾ ಎದುರು 2-1ರಿಂದ ಸೋತರು. ಆ ಪುಟ ಬರೆಯೋಕೆ ನನಗೆ ತುಂಬ ದಿನ ಹಿಡಿಯಿತು.

1979ರ ಪುಟ ಬರೆಸಿದ್ದು ಸ್ನೇಹಿತನ ತಂದೆ. ಅವರು ಆಗ ಲಂಡನ್‌ನಲ್ಲಿ ಓದುತ್ತಿದ್ದರು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಎಫ್‌ಎ ಕಪ್ ಫೈನಲ್ ಅವರಿಗೆ ನಿಮಿಷ ನಿಮಿಷ ನೆನಪಿದೆ. 2-0 ಮುಂದಿದ್ದು, ಕೊನೇ ಐದು ನಿಮಿಷದಲ್ಲಿ 2-2 ಆಗಿದ್ದು, ಲಿಯಾಮ್ ಬ್ರೇಡಿ ಚೆಂಡು ಹಿಡಿದು ಓಡಿದ್ದು, ಗ್ರಹಾಂ ರಿಕ್ಸ್ ಎಡಗಡೆಯಿಂದ ಒಳಗೆ ಹಾಕಿದ್ದು, ಗುಂಗುರು ಕೂದಲಿನ ಅಲನ್ ಸಂಡರ್‌ಲ್ಯಾಂಡ್ ಕಾಲು ಚಾಚಿ ಗೋಲು ಮಾಡಿದ್ದು.

"ಯಾವ ಬಣ್ಣದ ಜೆರ್ಸಿ ಅಂಕಲ್?" ಅಂದೆ.

"ಬಿಳಿ. ಅಚ್ಚ ಬಿಳಿ ಕಣಪ್ಪ."

ಎಡಗಡೆ "ಬಿಳಿ" ಅಂತ ಬರೆದುಕೊಂಡೆ. ಮನೆಗೆ ಬಂದು ನೋಡಿದರೆ ಹಳದಿ, ನೀಲಿ ಕಾಲರ್. ಉಳಿದದ್ದೆಲ್ಲ ಅಕ್ಷರಶಃ ಸರಿ ಹೇಳಿದವರು ಬಣ್ಣ ಮಾತ್ರ ಹೇಗೆ ತಪ್ಪಿದರು? ಮುಂದಿನ ಸಲ ಹೋದಾಗ ಪಂದ್ಯ ಎಲ್ಲಿ ನೋಡಿದಿರಿ ಅಂತ ಕೇಳಿದೆ. ಬಾಡಿಗೆ ರೂಮಿನಲ್ಲಿ, ಅಂದರು. ಮನೆ ಒಡತಿ ಕೊಟ್ಟ ಚಿಕ್ಕ ಕಪ್ಪು ಬಿಳುಪು ಟಿವಿ. ಆ ಪರದೆಯಲ್ಲಿ ಹಳದಿ ಕಂಡಿದ್ದು ಬಿಳಿಯಾಗಿ. ಯುನೈಟೆಡ್‌ನ ಕೆಂಪು ಬೂದು ಬಣ್ಣವಾಗಿ. ಅವರು ನೋಡಿದ್ದನ್ನೇ ಹೇಳಿದ್ದರು.

ಆವತ್ತಿನಿಂದ ಬಲಗಡೆ ಕಾಲಂನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಹೇಗೆ ನೋಡಿದರು. ಮೈದಾನದಲ್ಲಾ, ಟಿವಿಯಲ್ಲಾ, ರೇಡಿಯೊದಲ್ಲಾ, ಮಾರನೇ ದಿನದ ಪೇಪರ್ ಫೋಟೊದಲ್ಲಾ. ಎಷ್ಟೋ ಗೊಂದಲ ಅದೊಂದು ಸಾಲಿನಿಂದಲೇ ಬಗೆಹರಿದಿದೆ.

ಜೆರ್ಸಿ ಇಟ್ಟುಕೊಳ್ಳೋ ವಿಷಯದಲ್ಲಿ ಹೇಳೋದು ಸ್ವಲ್ಪವೇ. ತಣ್ಣೀರು, ಒಳಮಗ್ಗುಲು ಹೊರಗೆ ಮಾಡಿ ಕೈಯಲ್ಲಿ ಒಗೆಯೋದು, ನೆರಳಲ್ಲಿ ಒಣಗಿಸೋದು. ಅಕ್ಷರದ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬಾರದು. ನನ್ನ ಒಂದು ಬರ್ಗ್‌ಕ್ಯಾಂಪ್ ಜೆರ್ಸಿಯಲ್ಲಿ 10ರ ಸೊನ್ನೆ ಬಿರುಕು ಬಿಟ್ಟಿದ್ದು ಮಡಿಕೆ ಸರಿಯಾಗಿ ಅದರ ಮೇಲೆ ಬಿದ್ದದ್ದಕ್ಕೆ. ಈಗ ನಂಬರಿನ ಮೇಲೆ ತೆಳು ಕಾಗದ ಇಟ್ಟು, ಮಡಚದೆ ಸುರುಳಿ ಸುತ್ತುತ್ತೇನೆ, ಹಳೇ ಕಾಟನ್ ಬಟ್ಟೆಯಲ್ಲಿ ಕಟ್ಟುತ್ತೇನೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಕೂರುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲರೂ ಮಾತಾಡಿದ ಪುಟ ಒಂದೇ, 2002ರಿಂದ 2004ರ ಹೋಮ್ ಜೆರ್ಸಿಯದು. ಎದೆ ಮೇಲೆ ಓ2. 2003-04ರಲ್ಲಿ ಆ ಜೆರ್ಸಿಯ ತಂಡ ಆಡಿದ್ದು 38 ಲೀಗ್ ಪಂದ್ಯ, 26 ಗೆಲುವು, 12 ಡ್ರಾ, ಸೋಲೇ ಇಲ್ಲ. ತೊಂದರೆ ಏನೆಂದರೆ ಅದರ ಹಿಂದಿನ ಸೀಸನ್‌ಗೂ ಅದೇ ಜೆರ್ಸಿ. ಹಾಗಾಗಿ ಹಿಂದಿನ ವರ್ಷದ ಫೋಟೊಗಳನ್ನೂ ಜನ ಸೋಲದ ತಂಡದ್ದು ಅಂತಲೇ ತೋರಿಸುತ್ತಾರೆ. ಬಿಡಿಸೋಕೆ ನಾನು ಗೋಲ್‌ಕೀಪರ್‌ನನ್ನು ನೋಡುತ್ತೇನೆ. ಜುಟ್ಟು ಕಟ್ಟಿದ ಡೇವಿಡ್ ಸೀಮನ್ ಇದ್ದರೆ ಮೊದಲ ಸೀಸನ್. 2003ರ ಬೇಸಿಗೆಯಲ್ಲಿ ಅವರು ಹೊರಟು ಯೆನ್ಸ್ ಲೇಮನ್ ಬಂದರು. ಲೇಮನ್ ಇದ್ದರೆ ಎರಡನೆಯದು.

ಆ ಪುಟದಲ್ಲಿ ನನಗೆ ಬೇಕಿದ್ದ ಜೆರ್ಸಿ ಮಾತ್ರ ಹೆನ್ರಿಯದಲ್ಲ, ಹೊಸೆ ಆಂಟೋನಿಯೊ ರೆಯೆಸ್‌ನದು. 2004ರ ಜನವರಿಯಲ್ಲಿ ಸೆವಿಯಾದಿಂದ ಬಂದ ಹುಡುಗ. ಮುಂದಿನ ತಿಂಗಳೇ ಆರ್ಸೆನಲ್‌ನ ಆಗಿನ ಮೈದಾನ ಹೈಬರಿಯಲ್ಲಿ ಚೆಲ್ಸಿ ವಿರುದ್ಧ ಎಫ್‌ಎ ಕಪ್ ಪಂದ್ಯ. ಒಂದು ಗೋಲಿನಿಂದ ಹಿಂದಿದ್ದ ತಂಡಕ್ಕಾಗಿ ಎರಡು ಗೋಲು ಹೊಡೆದ, ಮೊದಲನೆಯದು ದೂರದಿಂದ ಎಡಗಾಲಲ್ಲಿ. ಆ ಹೊಡೆತ ನೋಡಿ ಅಣ್ಣ ನಾನು ಇಬ್ಬರೂ ಕೂಗಿದ್ದು ನೆನಪಿದೆ. 2019ರ ಜೂನ್ 1ರಂದು ರೆಯೆಸ್ ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಅಣ್ಣ ಫೋನ್ ಮಾಡಿದ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಅವನ ನಂಬರ್ 9. ಅದರ ಹಿಂದಿನ ಸೀಸನ್‌ನಲ್ಲಿ 9 ಹಾಕುತ್ತಿದ್ದವನು ಫ್ರಾನ್ಸಿಸ್ ಜೆಫರ್ಸ್. ಹೆಸರಿಲ್ಲದ ಓ2 ಜೆರ್ಸಿಯ 9 ಯಾರದು ಅಂತ ಹೇಳೋಕಾಗಲ್ಲ. ಮೂರು ಸಲ ಸಿಕ್ಕಿತ್ತು, ಮೂರು ಸಲವೂ ಬಿಟ್ಟೆ. ಕಳೆದ ತಿಂಗಳು ಹೆಸರಿದ್ದದ್ದು ಬಂತು. ಇನ್ನೊಬ್ಬ ಅಭಿಮಾನಿ, ತಾನೇ 2004ರಲ್ಲಿ ಕೊಂಡಿದ್ದನ್ನು ಕೊಟ್ಟಿದ್ದು. ಕಿಟಕಿ ಹತ್ತಿರ ಹಿಡಿದು ನೋಡಿದೆ. ಫಿರಂಗಿಯ ಬಾಯಿ ಬಲಕ್ಕೆ. ಅಕ್ಷರ ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗೆ. ಎಡ ತೋಳಿನ ಅಂಚಿನಲ್ಲಿ ತೆಳುವಾದ ಕಲೆ, ಒಗೆದರೂ ಹೋಗದ್ದು. ಏನು ಕಲೆ ಅಂತ ಕೊಟ್ಟವರನ್ನು ಕೇಳಿದೆ. ಚೆಲ್ಸಿ ಪಂದ್ಯದ ಎರಡನೇ ಗೋಲಿಗೆ ಎದ್ದು ನಿಂತಾಗ ಚೆಲ್ಲಿದ ಟೀ, ಅಂದರು.

ಎಡಗಡೆ ಕಾಲಂನಲ್ಲಿ ಬರೆದುಕೊಂಡೆ. ಬಲಗಡೆಯದಕ್ಕೆ ತಾರೀಖು ಹಾಕಿದೆ: 2004ರ ಫೆಬ್ರವರಿ 15. ಅಣ್ಣ ಭಾನುವಾರ ಬರ್ತಾನೆ, ಅವನು ನೋಡೋವರೆಗೆ ಸುರುಳಿ ಸುತ್ತಿಲ್ಲ.