ದೇವಕ್ಕನನ್ನು ಖಳನಾಯಕಿ ಮಾಡಿದ್ದು

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಆಡಿಸುವವರು ಒಳ್ಳೆಯವರೂ ಅಲ್ಲದ, ಕೆಟ್ಟವರೂ ಅಲ್ಲದ ಒಂದು ಪಾತ್ರವನ್ನು ಖಳನನ್ನಾಗಿ ಮಾಡಬೇಕಾದಾಗ ಸಾಮಾನ್ಯವಾಗಿ ಒಂದು ದುಃಖ ತಂದು ಸುರಿಯುತ್ತಾರೆ. ಹೆಂಡತಿ ಸತ್ತಳು, ಊರು ಸುಟ್ಟಿತು, ಆಸಾಮಿಗೆ ಹುಚ್ಚು ಹಿಡಿಯಿತು. ನನಗೆ ಇದು ಸೇರುವುದಿಲ್ಲ. ಹುಚ್ಚು ಹಿಡಿದವನ ಜೊತೆ ವಾದ ಮಾಡಲಿಕ್ಕೆ ಏನಿದೆ? ಹೊಡೆದು ಮುಗಿಸುವುದೊಂದೇ.

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಅಡಿಕೆ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ, ಹಾಗಾಗಿ ಆಟವೆಲ್ಲ ಮಳೆಗಾಲದಲ್ಲೇ. ಆಟ ನಡೆಸುವವನು, ಅಂದರೆ ಡಿಎಂ, ನಾನು; ಆಟಗಾರರದ್ದಲ್ಲದ ಪಾತ್ರಗಳ ಮಾತೂ ನನ್ನದೇ. ಪ್ಯಾಲಡಿನ್, ಅಂದರೆ ದೈವಬಲವಿರುವ ಯೋಧೆಯ ಪಾತ್ರ, ಆಡುವವಳು ನರ್ಸಿಂಗ್ ಓದುವ ಹುಡುಗಿ. ರೋಗ್, ಅಂದರೆ ಕಳ್ಳಗೈಯ ಚಾಲಾಕಿ ಪಾತ್ರ, ಆಡುವವನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಈ ಇಬ್ಬರ ಸ್ವಭಾವ ಗೊತ್ತಿದ್ದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಕಥೆ ನಡೆಯುವುದು ಘಟ್ಟದ ಮೇಲಿನ ಒಂದು ಕಲ್ಪಿತ ಸೀಮೆಯಲ್ಲಿ. ಅಲ್ಲಿ ಜ್ವರ ಹಬ್ಬಿದೆ. ಮರದಡಿ ಮಂಗ ಸತ್ತು ಬಿದ್ದಿದೆ ಅಂದದ್ದೇ ತಡ, ಮೇಜಿನ ಸುತ್ತ ಎಲ್ಲರ ಮುಖ ಗಂಭೀರವಾಯಿತು. ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅದು ಉಣ್ಣೆ ಹುಳ (ಉಣುಗು) ಕಚ್ಚಿ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ನನ್ನ ಕಥೆಗೆ ದಾಟುವ ಜ್ವರ ಬೇಕಿತ್ತು. ಮಂಗದ ಚಿತ್ರವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬದಲಿಸಿದೆ.

ಆ ಸೀಮೆಯ ಮದ್ದಿನವಳು ದೇವಕ್ಕ. ಅವಳ ಗುರಿ ಒಂದೇ, ಜ್ವರ ಘಟ್ಟ ಇಳಿಯಬಾರದು. ಆ ಗುರಿಯನ್ನು ನಾನು ಕಡೆತನಕ ಮುಟ್ಟಲಿಲ್ಲ. ಬದಲಿಸಿದ್ದು ಅದರ ಬೆಲೆ ಯಾರು ತೆರಬೇಕು ಎಂಬುದನ್ನು ಮಾತ್ರ.

ಇಲ್ಲಿ ಆಟದ ನಿಯಮವೇ ನನಗೆ ನೆರವಾಯಿತು. ಈ ಆಟದಲ್ಲಿ ಕಾಯಿಲೆಯಿಂದ ಕಥೆ ಕಟ್ಟುವುದು ಕಷ್ಟ, ಪ್ಯಾಲಡಿನ್ ಕೈ ಇಟ್ಟರೆ ವಾಸಿಯಾಗುತ್ತದೆ ಎಂದು ಬಹಳ ಜನ ಗೊಣಗುತ್ತಾರೆ. ಲೆಕ್ಕ ಹಾಕಿ ನೋಡಿ. 2014ರ ಐದನೇ ಆವೃತ್ತಿಯ ಪ್ರಕಾರ ಐದನೇ ಲೆವೆಲ್ಲಿನ ಪ್ಯಾಲಡಿನ್‌ಗೆ ಲೇ ಆನ್ ಹ್ಯಾಂಡ್ಸ್, ಅಂದರೆ ಕೈಯಿಟ್ಟು ವಾಸಿ ಮಾಡುವ ಶಕ್ತಿ, ದಿನಕ್ಕೆ 25 ಪಾಯಿಂಟ್. ಒಂದು ಕಾಯಿಲೆಗೆ 5 ಖರ್ಚು, ಅಂದರೆ ಐದು ಜನ. ಕಾಯಿಲೆ ವಾಸಿ ಮಾಡುವ ಮಂತ್ರ ಲೆಸ್ಸರ್ ರೆಸ್ಟೊರೇಶನ್‌ಗೆ ಬೇಕಾದ ಎರಡನೇ ಮಟ್ಟದ ಸ್ಲಾಟ್, ಅಂದರೆ ದಿನಕ್ಕೆ ಅಂಥ ಮಂತ್ರ ಹಾಕುವ ಸರದಿ, ಇರುವುದು ಎರಡು. ಒಟ್ಟು ದಿನಕ್ಕೆ ಏಳು ಜನ. ವಾಸಿ ಮಾಡುವ ಮಂತ್ರ ಬಲ್ಲ ಪುರೋಹಿತ ಪಾತ್ರ, ಕ್ಲೆರಿಕ್, ಗುಂಪಿನಲ್ಲಿ ಇರಲಿಲ್ಲ. ಅಂಗಳದಲ್ಲಿ ನಲವತ್ತು ಜನ ಮಲಗಿದ್ದಾರೆ ಎಂದೆ. ಪ್ಯಾಲಡಿನ್ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, "ದೇವಕ್ಕ, ಮೊದಲು ಯಾರಿಗೆ?"

ದೇವಕ್ಕ ಪಟ್ಟಿ ಬರೆದಳು. ಕೇಳಿದವರು ಆಟಗಾರರೇ ಅಲ್ಲವೇ?

ಆ ಪಟ್ಟಿಯನ್ನು ನಾನು ನಿಜವಾಗಿಯೂ ಕೈಯಲ್ಲಿ ಬರೆದು ಕೊಡುತ್ತಿದ್ದೆ, ಹಳೆ ಲೆಕ್ಕದ ಪುಸ್ತಕದ ಹಾಳೆಯಲ್ಲಿ. ಮೊದಲ ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ ಕಾರಣವಿತ್ತು: ಮೊಲೆಹಾಲು ಕುಡಿಸುವವಳು, ದೋಣಿ ನಡೆಸುವವನು, ಮಕ್ಕಳಿರುವವನು. ದೇವಕ್ಕನ ಸ್ವಂತ ತಮ್ಮನಿಗೂ ಜ್ವರ ಬಂದಿತ್ತು. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವನು ಸತ್ತ ರಾತ್ರಿ ಎಲ್ಲರೂ ಅವಳಿಗೆ ಮನಸೋತರು. ಬೆಲೆಯನ್ನು ತನ್ನ ಮನೆಯಿಂದಲೇ ತೆತ್ತಳು, ಇವಳಿಗಿಂತ ನ್ಯಾಯವಂತೆ ಬೇಕೆ? ಆಮೇಲೆ ಇಬ್ಬರು ಮುದುಕರು ತಾವಾಗಿಯೇ ಬಂದು ತಮ್ಮ ಸರದಿಯನ್ನು ಮೊಮ್ಮಕ್ಕಳಿಗೆ ಬಿಟ್ಟರು. ಅದಕ್ಕೂ ಯಾರ ತಕರಾರೂ ಇರಲಿಲ್ಲ. ಮುಂದಿನ ಹಾಳೆಯಲ್ಲಿ ಮುದುಕರ ಹೆಸರುಗಳೇ ಇಲ್ಲ. ಅವರನ್ನು ಯಾರೂ ಕೇಳಿರಲಿಲ್ಲ, ದೇವಕ್ಕ ಅವರ ಪರವಾಗಿ ತಾನೇ ಬಿಟ್ಟುಕೊಟ್ಟಿದ್ದಳು. ಹೆಸರಿನ ಮುಂದಿನ ಕಾರಣಗಳೂ ಒಂದೊಂದಾಗಿ ಕಡಿಮೆಯಾಗಿ ಕೊನೆಗೆ ಬರೀ ಹೆಸರು ಉಳಿಯಿತು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹಾಳೆ ಅವರ ಮುಂದೆಯೇ ಇತ್ತು.

ತಿರುವು ಬಂದದ್ದು ರೋಗ್‌ನಿಂದ. ಒಬ್ಬ ಛತ್ರದವನಿಂದ ಅವನಿಗೆ ಗುಟ್ಟೊಂದು ಬೇಕಿತ್ತು. ಛತ್ರದವನ ಮಗನಿಗೆ ಜ್ವರ. "ದೇವಕ್ಕ, ಆ ಹುಡುಗನನ್ನ ಒಂಚೂರು ಮೇಲೆ ಹಾಕ್ತೀರಾ?" ಅಂದ. ಇಂಥ ಮಾತು ಯಾರಾದರೂ ಆಡಲಿ ಎಂದೇ ನಾನು ಕಾದಿದ್ದೆ. ಚೌಕಾಸಿಯಿಲ್ಲ, ಉಪದೇಶವಿಲ್ಲ, ದೇವಕ್ಕ ಹೆಸರನ್ನು ಮೇಲೆ ಬರೆದಳು, ಪಕ್ಕದಲ್ಲಿ "ಇವರ ಮಾತಿಗೆ" ಎಂದು ಗುರುತು ಹಾಕಿಕೊಂಡಳು. ಅಲ್ಲಿಂದಾಚೆಗೆ ಆ ಪಟ್ಟಿಯನ್ನು ಯಾರೂ ಬರೀ ನ್ಯಾಯದ ಪಟ್ಟಿ ಎನ್ನುವಂತಿರಲಿಲ್ಲ. ಅವಳು ಕೆಟ್ಟದಕ್ಕೆ ಇಳಿಯುವ ಪ್ರತಿ ಮೆಟ್ಟಿಲಿನಲ್ಲೂ ಆಟಗಾರರಿಗೆ ಬೇಡ ಅನ್ನುವ ಅವಕಾಶ ಇಟ್ಟಿದ್ದೆ. ಇದು ಮುಖ್ಯ. ಅವರ ಬೆನ್ನ ಹಿಂದೆ, ನನ್ನ ನೋಟ್‌ಬುಕ್ಕಿನಲ್ಲಷ್ಟೇ ಕೆಟ್ಟವಳಾದರೆ ಅದು ಡಿಎಂ ಮಾಡಿದ ಮೋಸವಾಗಿ ಕಾಣುತ್ತದೆ.

ಹೊಳೆಯಾಚೆ ಹನ್ನೊಂದು ಮನೆಯ ಒಂದು ಕೇರಿ. ಅವರು ಒಬ್ಬ ಜ್ವರದವನನ್ನು ಬಚ್ಚಿಟ್ಟುಕೊಂಡರು. ದೇವಕ್ಕ ರಾತ್ರೋರಾತ್ರಿ ಹೊಳೆ ದಾಟುವ ಕಾಲುಸಂಕ ಕಡಿಸಿದಳು. ಆಷಾಢದಲ್ಲಿ ಸಂಕ ಹೋದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಲಿಲ್ಲ. ಎಲ್ಲರೂ ಒಮ್ಮೆಲೇ ಮಾತಾಡಲು ಶುರುಮಾಡಿದರು.

ಪ್ಯಾಲಡಿನ್ ಅವಳನ್ನು ಪರೀಕ್ಷಿಸಿದಳು. ಡಿವೈನ್ ಸೆನ್ಸ್ ಎಂಬ ಅವಳ ಶಕ್ತಿಯಲ್ಲಿ ಏನೂ ಕಾಣಲಿಲ್ಲ. ಅದಕ್ಕೆ ಕಾಣುವುದು ದೇವಲೋಕದವರು, ಪಿಶಾಚಿಗಳು, ಸತ್ತು ಎದ್ದವರು ಮಾತ್ರ. ಡಿಟೆಕ್ಟ್ ಈವಿಲ್ ಅಂಡ್ ಗುಡ್ ಎಂಬ ಮಂತ್ರವೂ ಐದನೇ ಆವೃತ್ತಿಯಲ್ಲಿ ಸಾದಾ ಮನುಷ್ಯರ ಕೆಟ್ಟತನವನ್ನು ತೋರಿಸುವುದಿಲ್ಲ. ಹೆಸರು ನೋಡಿ ಮೋಸಹೋಗುವವರು ಬಹಳ. ಕೊನೆಗೆ ಬೇಕೆಂದು ಸುಳ್ಳು ಹೇಳಲು ಬಿಡದ ಮಂತ್ರ, ಜೋನ್ ಆಫ್ ಟ್ರುತ್, ಹಾಕಿದಳು. ದೇವಕ್ಕ ಸುಳ್ಳು ಹೇಳುವುದಿಲ್ಲ ಎಂದು ನಾನು ಮೊದಲೇ ತೀರ್ಮಾನಿಸಿದ್ದರಿಂದ ಅದಕ್ಕೂ ಜಗ್ಗಲಿಲ್ಲ. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟು, "ನನ್ನ ಪರೀಕ್ಷೆಗೆ ಒಂದು ಸ್ಲಾಟ್ ಹೋಯ್ತಲ್ಲ, ಇವತ್ತು ಆರೇ ಜನ. ಯಾರನ್ನು ಬಿಡಲಿ, ಹೇಳಿ" ಅಂದಳು. ಸ್ಲಾಟ್ ಎಂಬ ಮಾತು ಪಾತ್ರದ ಬಾಯಲ್ಲಿ ಬರಬಾರದು, ಗೊತ್ತು. ಆ ಹೊತ್ತಿಗೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಂತಿಮ ಭೇಟಿಗೆ ತಯಾರಿ ಮಾಡಿದ್ದು ನಮ್ಮ ಭಾವನ ಜೊತೆ. ಭಾವ ಯಕ್ಷಗಾನ ತಾಳಮದ್ದಳೆಯಲ್ಲಿ ಹವ್ಯಾಸಕ್ಕೆ ಅರ್ಥ ಹೇಳುವವರು, ಅಂದರೆ ಪಾತ್ರದ ಮಾತು ಆಡುವವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಗೆಲ್ಲಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿಗಳು ಇಂದಿಗೂ ಮಾತಿಗೆ ಬರುವುದು ಸೋಲುವವನ ಬಾಯಲ್ಲೂ ಅಷ್ಟು ಗಟ್ಟಿ ವಾದ ಇದ್ದದ್ದರಿಂದ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಎಂದು ವಾಲಿ ಕೇಳಿದಾಗ ಸಭೆಗೆ ಒಂದು ಕ್ಷಣ ರಾಮನ ಬಗ್ಗೆ ಆತಂಕವಾಗಬೇಕು. ಭಾವನಿಗೆ ದೇವಕ್ಕನ ಕಥೆ ಪೂರ್ತಿ ಹೇಳಿ, ನೀವು ದೇವಕ್ಕ, ನಾನು ಪ್ಯಾಲಡಿನ್ ಎಂದೆ. "ಹಾಗಾರೆ ಕೇಳು ಮಾರಾಯ, ಕಟ್ಟಿಹಾಕು ನೋಡ್ವ" ಅಂದರು. ಕಟ್ಟಿಹಾಕಲು ಆಗಲಿಲ್ಲ. ನಾನು ಸಂಕದ ಮಾತೆತ್ತಿದಾಗ ಅವರೆಂದದ್ದನ್ನು ಹಾಗೇ ಬರೆದುಕೊಂಡೆ: "ನಾನು ಕಡಿಸಿದ ಸಂಕ ಎಲ್ಲರ ಕಣ್ಣಿಗೆ ಬಿತ್ತು. ನೀವು ಏಳು ಜನರ ತಲೆ ಮೇಲೆ ಕೈಯಿಟ್ಟು ಎದ್ದು ಹೋದಿರಲ್ಲ, ಎಂಟನೆಯವನ ಪಾಲಿಗೆ ಅದೂ ಕಡಿದ ಸಂಕವೇ."

ಆದರೆ ಭಾವ ಇನ್ನೊಂದು ಮಾತೂ ಹೇಳಿದರು. ವಾಲಿಯ ವಾದ ಎಷ್ಟೇ ಗಟ್ಟಿಯಿರಲಿ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅವನ ಬುಡದಲ್ಲೇ ಇದೆ. ಎದುರಾಳಿಗೆ ಹಿಡಿಯಲು ಒಂದು ಎಳೆ ಬಿಡದಿದ್ದರೆ ಪ್ರಸಂಗ ಮುಂದೆ ಹೋಗುವುದಿಲ್ಲ. ದೇವಕ್ಕನಿಗೆ ನಾನು ಬಿಟ್ಟ ಎಳೆ ಹನ್ನೊಂದು ಮನೆಯದು: ಜ್ವರ ಇದ್ದದ್ದು ಒಬ್ಬನಿಗೆ, ಶಿಕ್ಷೆ ಇಡೀ ಕೇರಿಗೆ.

ಆಟದ ದಿನ ದೇವಕ್ಕ ಹಾಳೆಗಳನ್ನೆಲ್ಲ ತೆಗೆದು ಓದಿದಳು. ಛತ್ರದವನ ಮಗನ ಹೆಸರು, ಪಕ್ಕದಲ್ಲಿ "ಇವರ ಮಾತಿಗೆ". ಆ ದಿನ ಏಳರಿಂದ ಕೆಳಗೆ ಜಾರಿದವರು ಯಾರು ಎಂಬುದನ್ನೂ ಓದಿದಳು. ರೋಗ್ ಹುಡುಗ ತಲೆ ಎತ್ತಲಿಲ್ಲ. ಹನ್ನೊಂದು ಮನೆಯ ವಾದ ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಪ್ಯಾಲಡಿನ್ ಹುಡುಗಿ ಅದರ ಗೋಜಿಗೇ ಹೋಗದೆ ಕೇಳಿದಳು, "ದೇವಕ್ಕ, ನಿಮ್ಮ ತಮ್ಮನ ಹೆಸರು ಬಿಟ್ರಲ್ಲ. ಅವನನ್ನ ಕೇಳಿದ್ರಾ?"

ಇದಕ್ಕೆ ನನ್ನ ಬಳಿ ಉತ್ತರ ಬರೆದಿಟ್ಟಿರಲಿಲ್ಲ. ತನ್ನ ಮನೆಯಿಂದ ತೆತ್ತ ಬೆಲೆ ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು, ತೆತ್ತವನು ತಮ್ಮ. ಸುಳ್ಳು ಹೇಳದ ಪಾತ್ರವಾದ್ದರಿಂದ ನನಗೆ ಬೇರೆ ದಾರಿ ಇರಲಿಲ್ಲ. ಇಲ್ಲ, ಕೇಳಿರಲಿಲ್ಲ ಎಂದೆ.

ಹೊಡೆದಾಟದ ಬಗ್ಗೆ ಹೇಳುವಂಥದ್ದೇನಿಲ್ಲ. ಆಟದ ಪಾತ್ರಗಳ ಪುಸ್ತಕ, 2014ರ ಮಾನ್‌ಸ್ಟರ್ ಮ್ಯಾನುಯಲ್‌ನ ಪ್ರೀಸ್ಟ್ ಲೆಕ್ಕವನ್ನೇ ಇಟ್ಟಿದ್ದೆ, 27 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಾಳುವ ಶಕ್ತಿ. ಖಳನಾಯಕಿ ಆದಳೆಂದು ಶಕ್ತಿ ಹೆಚ್ಚಿಸಿರಲಿಲ್ಲ. ಅವಳ ಆಳುಗಳು ಸ್ವಲ್ಪ ಹೊತ್ತು ಕಾದಾಡಿದರು, ಆಮೇಲೆ ಆಟಗಾರರು ಅವಳನ್ನು ಹಿಡಿದು ಕಟ್ಟಿದರು. ಅಂಗಳದಲ್ಲಿ ಇನ್ನೂ ಮೂವತ್ತು ಚಿಲ್ಲರೆ ಜನ ಮಲಗಿದ್ದರು. ಮರುದಿನದ ಏಳು ಹೆಸರು ಯಾರು ಬರೆಯಬೇಕು ಎಂಬ ಜಗಳದಲ್ಲಿ ಮುಂದಿನ ಸೆಷನ್ ಪೂರ್ತಿ ಹೋಯಿತು. ನಾನು ಡೈಸ್ ಮುಟ್ಟಲೇ ಇಲ್ಲ.